ಮಡಿಯಲ್ಲಿದ್ದ ಎಡಗೈ

ನಮ್ಮ ಕಡೆ ಯಾರಿಗೂ ಮೆದುಳಿನ ರೋಗ ಬರುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕು ಸುತ್ತಿ ನಾನೇ ಕಂಡುಕೊಂಡ ಸತ್ಯ ಇದು. ಇಲ್ಲಿ ಬರುವುದು ಸೊಕ್ಕು, ಕುಡಿತ, ಸೋಗು, ಮಾಟ, ಇಲ್ಲವೇ ಸೊಸೆಯ ಕಾಲ್ಗುಣ. ಮನುಷ್ಯನ ಕೈ ನಡುಗಲಿ, ಕಾಲು ಎಳೆಯಲಿ, ಕುತ್ತಿಗೆ ಒಂದು ಕಡೆ ತಿರುಗಲಿ, ಓಣಿಯ ಮಂದಿ ಕಟ್ಟೆಯ ಮೇಲೆ ಕೂತು ಅರ್ಧ ತಾಸಿನಲ್ಲಿ ಕಾರಣ ಹುಡುಕಿ ಮುಗಿಸಿರುತ್ತಾರೆ. ಆ ಕಾರಣಗಳೆಲ್ಲ ಒಂದೊಂದಾಗಿ ಸುಳ್ಳಾದ ಮೇಲೆ ನನಗೆ ಫೋನು ಬರುತ್ತದೆ.

ನಾನು ಫಿಜಿಯೋಥೆರಪಿ ಮಾಡುವವಳು. ಬಾಗೇವಾಡಿಯಲ್ಲಿ ಒಂದು ಕೋಣೆಯ ದವಾಖಾನೆ ಇದೆ. ಮಂಗಳವಾರ ಇಂಡಿ, ಗುರುವಾರ ಸಿಂದಗಿ, ಶನಿವಾರ ಮುದ್ದೇಬಿಹಾಳ. ಬಸ್ಸಿನಲ್ಲಿ ಹೋಗಿ, ಮನೆಮನೆ ಅಲೆದು, ಪಾರ್ಶ್ವವಾಯು ಬಡಿದವರ ಕೈಕಾಲು ಎಳೆದು, ಬಗ್ಗಿಸಿ, ಬೈದು ಬರುತ್ತೇನೆ. ಬೈಗುಳ ಚಿಕಿತ್ಸೆಯ ಭಾಗವೇ ಎಂದು ಮಂದಿ ತಿಳಿದುಕೊಂಡಿದ್ದಾರೆ, ನಾನೂ ಆ ನಂಬಿಕೆಯನ್ನು ಕೆಡಿಸಲು ಹೋಗಿಲ್ಲ.

ಇಂಡಿಯ ಝಳಕಿ ರಸ್ತೆಯಲ್ಲಿ ಲಿಂಬೆ ತೋಟದವರೊಬ್ಬರಿದ್ದಾರೆ. ಕೊರಳಲ್ಲಿ ತುಳಸಿ ಮಾಲೆ, ಚಹಾ ಕೂಡ ಕುಡಿಯದ ಮನುಷ್ಯ. ಒಂದು ಮುಂಜಾನೆ ಎದ್ದವರು ತೂರಾಡುತ್ತ ನಡೆದರು. ನಾಲಿಗೆ ತೊದಲಿತು. ಲಿಂಬೆ ಕೀಳಲು ಕೈ ಚಾಚಿದರೆ ಕೈ ಹಣ್ಣನ್ನು ದಾಟಿ ಮುಳ್ಳಿಗೆ ಹೋಗಿ ಚುಚ್ಚಿಕೊಂಡಿತು. ಹೆಂಡತಿ ಹದಿನೈದು ದಿನ ಅವರನ್ನು ಪಡಸಾಲೆಯಲ್ಲಿ ಮಲಗಿಸಿದಳು. ತಲೆಯ ಹಿಂಬದಿಯಲ್ಲಿ ಸೆರೆಬೆಲ್ಲಮ್ ಎಂಬ ಪುಟ್ಟ ಮೆದುಳಿದೆ, ನಡಿಗೆಯ ತೂಕವನ್ನೂ ಕೈಯ ಅಳತೆಯನ್ನೂ ನೋಡಿಕೊಳ್ಳುವುದು ಅದೇ, ಅಲ್ಲಿ ರಕ್ತನಾಳ ಕಟ್ಟಿದರೆ ಕುಡಿಯದವನೂ ಕುಡಿದವನಂತೆ ನಡೆಯುತ್ತಾನೆ ಎಂದು ನಾನು ಹೇಳಿದೆ. ಬಾಯಿ ವಾಸನೆ ನೋಡಲಿಲ್ಲವೇ ಎಂದು ಕೇಳಿದ್ದಕ್ಕೆ ಆಕೆ, "ವಾಸನಿ ಇರಲಿಲ್ರಿ ಅಕ್ಕಾರ. ಅದಕ್ಕ ಇಂವ ಭಾಳ ಶಾಣ್ಯಾತನದಿಂದ ಕುಡಿಯಾಕತ್ತಾನ ಅನಕೊಂಡ್ನಿ" ಎಂದಳು.

ಸಿಂದಗಿಯ ಬಟ್ಟೆ ಅಂಗಡಿಯ ಸಾಹೇಬರದು ಇನ್ನೊಂದು ಬಗೆ. ಅವರ ಮುಖದಿಂದ ನಗು ಮಾಯವಾಯಿತು. ಸಲಾಂ ಹೇಳಿದರೆ ತಿರುಗಿ ಕೈ ಎತ್ತುವಷ್ಟರಲ್ಲಿ ಹೇಳಿದವನು ಮುಂದಿನ ಅಂಗಡಿ ದಾಟಿರುತ್ತಿದ್ದ. "ಹಜ್ ಮಾಡಿ ಬಂದ ಮ್ಯಾಲೆ ಸಾಹೇಬಗ ಧಿಮಾಕು ಬಂದೈತಿ" ಎಂದು ಬಜಾರವೆಲ್ಲ ಮಾತಾಡಿತು. ಮೆದುಳಿನ ಬುಡದಲ್ಲಿ ಕರಿಬಣ್ಣದ ಒಂದು ಸಣ್ಣ ಜಾಗವಿದೆ. ಅಲ್ಲಿಯ ಜೀವಕೋಶಗಳು ಸಾಯುತ್ತ ಬಂದರೆ ಪಾರ್ಕಿನ್ಸನ್ ಕಾಯಿಲೆ, ನಡಿಗೆ ನಿಧಾನ, ಕೈ ನಡುಕ, ಮುಖದ ಸ್ನಾಯು ಬಿಗಿ. ಪಾಪ, ಸಾಹೇಬರು ಒಳಗೊಳಗೇ ನಗುತ್ತಿದ್ದರು, ಹೊರಗೆ ಬರುತ್ತಿರಲಿಲ್ಲ.

ಇಂಥ ಮನೆಗಳಲ್ಲಿ ನಾನು ದೊಡ್ಡ ಭಾಷಣ ಮಾಡುತ್ತಿದ್ದೆ. ಕಣ್ಣೆದುರಿಗೇ ಇತ್ತಲ್ಲ, ಮನುಷ್ಯನ ಸ್ವಭಾವ ಒಂದೇ ದಿನದಲ್ಲಿ ಬದಲಾಗುತ್ತದೆಯೇ, ಅಷ್ಟೂ ತಿಳಿಯಬಾರದೇ ಎಂದು ದಬಾಯಿಸುತ್ತಿದ್ದೆ. ಈಗ ಆ ಭಾಷಣ ನಿಲ್ಲಿಸಿದ್ದೇನೆ. ಯಾಕೆ ಎಂಬುದನ್ನು ನಾಚಿಕೆ ಬಿಟ್ಟು ಹೇಳುತ್ತೇನೆ.

ನಮ್ಮ ಮನೆಯಲ್ಲಿ ಅತ್ತೆ ಇದ್ದಾಳೆ. ಗಂಡನ ತಾಯಿಯಲ್ಲ, ನನ್ನ ಅಪ್ಪನ ಅಕ್ಕ. ಸರಕಾರಿ ಹೈಸ್ಕೂಲಿನಲ್ಲಿ ಜೀವಮಾನವಿಡೀ ಗಣಿತ ಕಲಿಸಿದವಳು, ಮದುವೆಯ ಉಸಾಬರಿಗೆ ಹೋದವಳಲ್ಲ. ಬಾಗೇವಾಡಿಯ ಮನೆ ಅವಳದೇ. ಮುಂದಿನ ಎರಡು ಕೋಣೆಯಲ್ಲಿ ನಾನು, ನನ್ನ ಗಂಡ ಮತ್ತು ನಮ್ಮ ಗ್ಯಾಸ್ ಒಲೆ, ಹಿಂದಿನ ಅಡುಗೆಮನೆ, ದೇವರಮನೆ ಅವಳ ಸಂಸ್ಥಾನ. ನಾವು ವೈಷ್ಣವರು. ಮನೆಯ ಮಾತು ಕನ್ನಡ, ಸಿಟ್ಟಿಗೆ ಮಾತ್ರ ಮರಾಠಿ. ರಿಟೈರಾದ ಮೇಲೆ ಮಂದಿ ವಾಕಿಂಗ್ ಹಿಡಿಯುತ್ತಾರೆ, ಅತ್ತೆ ಮಡಿ ಹಿಡಿದಳು. ಅದೂ ಅಂಥಿಂಥ ಮಡಿಯಲ್ಲ. ಹಗ್ಗದ ಮೇಲಿನ ಸೀರೆಯನ್ನು ಕೋಲಿನಿಂದ ಇಳಿಸಿಕೊಳ್ಳುವುದು, ತನ್ನ ಒಲೆ ತನ್ನದೇ, ತನ್ನ ನೀರು ತನ್ನದೇ, ಅಡುಗೆಮನೆಯ ಹೊಸ್ತಿಲು ನಮಗೆ ಪಾಕಿಸ್ತಾನದ ಗಡಿ. ಹನ್ನೊಂದು ವರ್ಷ ಅವಳನ್ನು ಯಾರೂ ಮುಟ್ಟಿರಲಿಲ್ಲ. ನನ್ನ ಮದುವೆಯ ದಿನ ಅಕ್ಷತೆಯನ್ನು ಕೂಡ ದೂರ ನಿಂತು ಬೌಲಿಂಗ್ ಮಾಡಿದ್ದಳು.

ಯಾರಾದರೂ ಹೊಸ್ತಿಲ ಹತ್ತಿರ ಬಂದರೆ ಅವಳ ಎಡಗೈ ಏಳುತ್ತಿತ್ತು. ಬಲಗೈಯಲ್ಲಿ ಮಡಿನೀರಿನ ತಂಬಿಗೆ ಇರುತ್ತಿದ್ದ ಕಾರಣ ಈ ಕೆಲಸ ಎಡಗೈಗೆ ಬಿದ್ದಿತ್ತು. ಮೊಣಕೈಯಿಂದ ಹೊರಗೆ ಬೀಸಿ, "ಸರಿ, ಸರಿ, ದೂರ ಸರಿ" ಎನ್ನುವಳು. ನಾವು ಸರಿಯುತ್ತಿದ್ದೆವು. ದಿನಕ್ಕೆ ಇಪ್ಪತ್ತು ಸಲ ಸರಿದು ಸರಿದು ನಮ್ಮ ಕಾಲಿಗೆ ಅದು ರೂಢಿಯಾಗಿತ್ತು. ಅವಳ ಕೈ ಎದ್ದರೆ ಸಾಕು, ತಲೆಯನ್ನು ಕೇಳದೆ ಕಾಲು ಹಿಂದೆ ಹೋಗುತ್ತಿತ್ತು.

ಹೋದ ಅಧಿಕ ಮಾಸದಲ್ಲಿ ಅವಳು ಒಂದು ತಿಂಗಳು ಮೌನವ್ರತ ಹಿಡಿದಳು. ನಾನೂ ನನ್ನ ಗಂಡನೂ ಒಳಗೊಳಗೇ ಪೇಢೆ ಹಂಚಿಕೊಂಡೆವು. ಅದೇ ತಿಂಗಳು ದಾನಕ್ಕೆಂದು ಬೆಲ್ಲ ತುಪ್ಪದ ಅನಾರಸ ಎಂಬ ಕಜ್ಜಾಯ ಕರಿಯುವುದು, ನೈವೇದ್ಯ ಮಾಡುವುದು, ಪ್ರಸಾದ ತಿನ್ನುವುದು ನಡೆದಿತ್ತು. ಅವಳಿಗೆ ಸಕ್ಕರೆ ಕಾಯಿಲೆ ಇತ್ತು, ಆದರೆ ದೇವರಿಗೆ ತೋರಿಸಿದ ಪದಾರ್ಥದಲ್ಲಿ ಸಕ್ಕರೆ ಇರುವುದಿಲ್ಲ ಎಂಬುದು ಅವಳ ಪ್ರಮೇಯ. ಸಂಜೆ ನಾನು ಮಾತ್ರೆಯ ಪೊಟ್ಟಣವನ್ನು ಹೊಸ್ತಿಲ ಮೇಲೆ ಇಡುತ್ತಿದ್ದೆ, ಬೆಳಿಗ್ಗೆ ಅದು ಇರುತ್ತಿರಲಿಲ್ಲ. ನುಂಗಿದಳು ಎಂದುಕೊಂಡೆ. ಔಷಧಿ ಅಂಗಡಿಯಲ್ಲಿ ನೂರು ಮಂದಿ ಮುಟ್ಟಿದ ಮೈಲಿಗೆ ಮಾತ್ರೆಗಳು ಹಳೆಯ ಉಪ್ಪಿನಕಾಯಿ ಭರಣಿಯಲ್ಲಿ ಬೆಚ್ಚಗೆ ಕೂತಿದ್ದವು ಎಂಬುದು ನನಗೆ ಗೊತ್ತಾದದ್ದು ಆಮೇಲೆ.

ಶನಿವಾರ ಸಂಜೆ ಮುದ್ದೇಬಿಹಾಳದಿಂದ ಬಂದವಳು ಅತ್ತೆ ಸೋಸಿ ಇಡುವ ಕಾಫಿಯ ಆಸೆಗೆ ಹೊಸ್ತಿಲ ಹತ್ತಿರ ಹೋದೆ. ಅತ್ತೆಯ ಎಡಗೈ ಬೀಸಿತು. ಸರಿದೆ. ಮತ್ತೆ ಬೀಸಿತು, ಈ ಸಲ ಭುಜದಿಂದಲೇ. ಪಡಸಾಲೆಗೆ ಸರಿದೆ. ಮೂರನೆಯ ಸಲ ಕೈ ಎಷ್ಟು ಜೋರಾಗಿ ಎದ್ದಿತೆಂದರೆ ಚಪ್ಪಲಿ ಮೆಟ್ಟಿ ಅಂಗಳಕ್ಕೇ ಹೋದೆ. ಅಷ್ಟು ದೂರ ಅವಳು ನನ್ನನ್ನು ಹಿಂದೆಂದೂ ಕಳಿಸಿರಲಿಲ್ಲ. ಅಧಿಕ ಮಾಸಕ್ಕೆ ಮಡಿಯೂ ಅಧಿಕ ಎಂದು ನಕ್ಕೆ.

ಭಾನುವಾರ ನನ್ನ ಗಂಡನ ಸರದಿ. ಅವನು ಪ್ರೈಮರಿ ಸಾಲೆಯ ಮಾಸ್ತರ, ಪಾಪದ ಮನುಷ್ಯ. ಅವನು ಬಾಗಿಲಲ್ಲಿ ಕಾಣಿಸಿಕೊಂಡಾಗ ಅತ್ತೆ ತಂಬಿಗೆಯನ್ನು ಎಡಗೈಗೆ ಬದಲಿಸುತ್ತಿದ್ದಳು, ತಂಬಿಗೆ ಹಾರಿ ಬಂದು ಅವನ ಕಿವಿಯ ಪಕ್ಕದ ಗೋಡೆಗೆ ಬಡಿಯಿತು. ಅವನು ತನ್ನ ಚರ್ಮದ ಬೆಲ್ಟನ್ನು ಬಿಚ್ಚಿ ಹೊರಗೆ ಎಸೆದು, "ತಪ್ಪಾತ್ರಿ ಅತ್ತಿ" ಎಂದು ಕೈಮುಗಿದ. ಕೈ ಬೀಸುವುದು ನಿಲ್ಲಲಿಲ್ಲ. ಪಾಕೀಟೂ ಚರ್ಮದ್ದೇ ಎಂದು ನೆನಪಾಗಿ ಅದನ್ನೂ ಎಸೆದ. ಪ್ಯಾಂಟು ಹಿಡಿದುಕೊಂಡು ನನ್ನ ಹತ್ತಿರ ಬಂದು, "ಇನ್ನೇನ್ ತಗೀಲಿ?" ಎಂದು ಕೇಳಿದ.

ಸೋಮವಾರ ಹೂವು, ತುಳಸಿ ತರುವ ಹೆಂಗಸಿಗೂ ಅದೇ ಮರ್ಯಾದೆಯಾಯಿತು. "ಬಾಯಾರು ಈ ಸಲ ಭಾಳ ಕಡಕ್ ಅದಾರ್ರಿ, ನಾ ಗೇಟಿನಾಗ ಇಟ್ಟು ಹೋಗ್ತೇನಿ" ಎಂದು ಅವಳು ಹೂವಿನ ಪೊಟ್ಟಣವನ್ನು ಗೇಟಿಗೆ ಸಿಕ್ಕಿಸಿ ಹೋದಳು. ನಾನೂ ಗಂಡನೂ ಕೂತು ಚರ್ಚೆ ಮಾಡಿದೆವು. ಅತ್ತೆಗೆ ಯಾಕೆ ಸಿಟ್ಟು ಬಂದಿದೆ? ಅವನ ಅಂದಾಜು, ನಾನು ಬೆಳ್ಳುಳ್ಳಿ ಹಾಕಿದ್ದು. ನನ್ನ ಅಂದಾಜು, ಅವನು ಸ್ನಾನಕ್ಕೆ ಮುಂಚೆ ಚಹಾ ಕುಡಿದದ್ದು. ನೋಡಿ, ನರದ ಪುಸ್ತಕ ಓದಿದವಳು ನಾನು. ಮೂರು ದಿನದಿಂದ ಮನೆಯ ಹೆಣ್ಣುಮಗಳ ಒಂದು ಕೈ ಹುಚ್ಚೆದ್ದು ಹಾರುತ್ತಿದೆ, ನಾನು ಬೆಳ್ಳುಳ್ಳಿಯ ವಿಚಾರಣೆ ನಡೆಸಿದ್ದೆ.

ಮಂಗಳವಾರ ಇಂಡಿಗೆ ಹೋದೆ. ಲಿಂಬೆ ತೋಟದವರ ಹೆಂಡತಿಗೆ ಹಳೆಯ ಭಾಷಣವನ್ನೇ ಇನ್ನೊಮ್ಮೆ ಕೊಟ್ಟೆ. ಮಧ್ಯಾಹ್ನ ಮೂರಕ್ಕೆ ಮನೆಗೆ ಬಂದೆ. ಮುಂಬಾಗಿಲಿಂದ ಹೋದರೆ ಮತ್ತೆ ಬೀಸಾಟ ಎಂದು ಹಿತ್ತಲಿನಿಂದ ಸುತ್ತಿ ಬಂದು, ಅಡುಗೆಮನೆಯ ಕಿಟಕಿಯಲ್ಲಿ ಹಣಕಿದೆ. ಅತ್ತೆ ಮಣೆಯ ಮೇಲೆ ಕೂತು ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ಎಡಗೈ ತೊಡೆಯ ಮೇಲೆ ಸುಮ್ಮನಿತ್ತು. ಬೆಕ್ಕು ಏನೋ ಸಪ್ಪಳ ಮಾಡಿತು. ಅತ್ತೆ ಕಣ್ಣು ತೆರೆದಳು. ಕಣ್ಣು ತೆರೆದದ್ದೇ ತಡ, ಕೈ ಹಾರಿತು. ಗೋಡೆಗೆ ಬಡಿಯಿತು, ಮತ್ತೆ ಹಾರಿತು. ಒಳಗೆ ಯಾರೂ ಇರಲಿಲ್ಲ. ಮಣಿಕಟ್ಟಿನ ಚರ್ಮ ಕಿತ್ತುಹೋಗಿತ್ತು, ಗೋಡೆಯ ಸುಣ್ಣದ ಮೇಲೆ ರಕ್ತದ ಕಲೆ ಇತ್ತು. ಬಲಗೈಯಿಂದ ಅವಳು ಎಡಗೈಯನ್ನು ಅದುಮಿ ಹಿಡಿಯಲು ನೋಡಿದಳು, ಅದು ಅವಳ ಹಿಡಿತವನ್ನು ಕಿತ್ತುಕೊಂಡು ಎದ್ದಿತು. ಯಾರೂ ಇಲ್ಲದ ಕೋಣೆಯಲ್ಲಿ ಅವಳು ಯಾರಿಗೆ ಸರಿ ಎನ್ನುತ್ತಿದ್ದಳು?

ಅಯ್ಯೋ ದೇವರೇ! ಬಸ್ಸಿನ ಧೂಳಿನ ಬಟ್ಟೆ, ಕಾಲಲ್ಲಿ ಚಪ್ಪಲಿ, ಹಾಗೇ ಹೊಸ್ತಿಲು ದಾಟಿ ಹೋಗಿ ಆ ಕೈಯನ್ನು ಎರಡೂ ಕೈಯಿಂದ ಹಿಡಿದೆ. ಅತ್ತೆ ನನ್ನ ಚಪ್ಪಲಿ ನೋಡಿದಳು, ನನ್ನ ಮುಖ ನೋಡಿದಳು. ಹತ್ತೊಂಬತ್ತು ದಿನದ ಮೌನ ಮರಾಠಿಯಲ್ಲೇ ಮುರಿಯಿತು. "ಮೇಲೀ ಹೋತೀಸ ಕಾ ಇತಕೇ ದಿವಸ?" ಇಷ್ಟು ದಿನ ಸತ್ತಿದ್ದೆಯೇನೇ ಎಂದು ಕೇಳಿದಳು.

"ಹೇಳಬಾರದೇನು? ಒದರಬಾರದೇನು?" ಎಂದು ನಾನೂ ಅಳುತ್ತ ಕೂಗಾಡಿದೆ.

"ಮೌನ ಮುಗೀಲಿಕ್ಕೆ ಇನ್ನೂ ಹನ್ನೊಂದು ದಿನ ಇತ್ತು" ಎಂದಳು ಅತ್ತೆ. "ಕರೀಲಿಕ್ಕೆ ಕೈ ಎತ್ತಿದ್ರ ನೀವು ಓಡಿ ಹೋಗ್ತಿದ್ರಿ."

ಗಂಡ ಬಾಡಿಗೆ ಜೀಪು ತಂದ. ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಗೆ ಹೊರಟೆವು. ದಾರಿಯಲ್ಲಿ ನನ್ನ ಹಿಡಿತ ಒಮ್ಮೆ ಜಾರಿ, ಅತ್ತೆಯ ಕೈ ಹೋಗಿ ಡ್ರೈವರನ ಟೊಪ್ಪಿಗೆಯನ್ನು ಕಿಟಕಿಯಾಚೆ ಹಾರಿಸಿತು. ಅವನು ತಿರುಗಿ ನೋಡದೆ, "ಜೋರ್ ಬಿಡ್ತೇನ್ರಿ ಬಾಯಾರ, ಹೊಡೀಬ್ಯಾಡ್ರಿ" ಎಂದ. ಅಂಥ ಹೊತ್ತಿನಲ್ಲೂ ನನಗೆ ನಗು ಬಂತು, ಆಮೇಲೆ ನಕ್ಕದ್ದಕ್ಕೆ ನಾಚಿಕೆಯಾಯಿತು.

ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ಸಕ್ಕರೆ ನೋಡಿದರೆ ಮಷಿನ್ನು ಅಂಕಿಯನ್ನೇ ತೋರಿಸಲಿಲ್ಲ, ಅಳತೆ ಮೀರಿದೆ ಎಂದು ಕೈಬಿಟ್ಟಿತು. ಡಾಕ್ಟರು ತಲೆಯ ಸ್ಕ್ಯಾನ್ ಮಾಡಿಸಿದರು. ಬಲಭಾಗದ ಮೆದುಳಿನ ಆಳದಲ್ಲಿ, ಬೇಸಲ್ ಗ್ಯಾಂಗ್ಲಿಯಾ ಎಂಬ ಗಂಟಿನಲ್ಲಿ ಬೆಳ್ಳಗಿನ ಕಲೆ. ಸಕ್ಕರೆ ಏರಿ ಏರಿ ಅಲ್ಲಿಗೆ ಪೆಟ್ಟು ಬಿದ್ದಿತ್ತು. ಇನ್ನೆರಡು ದಿನ ತಡವಾಗಿದ್ದರೆ ಪ್ರಜ್ಞೆಯೇ ತಪ್ಪುತ್ತಿತ್ತು ಎಂದರು. ಕೈ ನಿಲ್ಲುತ್ತದೆಯೇ ಎಂದು ಕೇಳಿದೆ. "ಸಕ್ಕರಿ ಇಳದ್ರ ಹೆಚ್ಚಿನವರದು ನಿಲ್ಲತೈತಿ. ಕೆಲವರದು ತಿಂಗಳುಗಟ್ಟಲೆ ಹಿಡೀತೈತಿ. ಒಬ್ಬಿಬ್ಬರದು ನಿಲ್ಲಂಗೇ ಇಲ್ಲ" ಎಂದರು. ಅತ್ತೆ ಇದನ್ನೆಲ್ಲ ಕೇಳಿಸಿಕೊಂಡಳು. ನಿಲ್ಲದಿದ್ದರೆ ಅವಳು ಒಲೆಯ ಮುಂದೆ ಕೂಡುವಂತಿಲ್ಲ, ದೇವರಿಗೆ ದೀಪ ಹಚ್ಚುವಂತಿಲ್ಲ, ತನ್ನ ಅನ್ನ ತಾನು ಬೇಯಿಸಿಕೊಳ್ಳುವಂತಿಲ್ಲ. ಮುಂದೆ ಬದುಕಿನ ಪ್ರತಿ ತುತ್ತೂ ಇನ್ನೊಬ್ಬರ ಕೈಯಿಂದಲೇ.

"ಎಡಗೈ ಕೆಟ್ಟದ. ಮೆದುಳಿನ ಬಲಗಡೆ ಯಾಕ ನೋಡ್ಲಿಕತ್ತಾರ ಇವರು? ಬರೋಬರಿ ಓದ್ಯಾರೋ ಇಲ್ಲೋ?" ಎಂದಳು ನನ್ನ ಹತ್ತಿರ. ಮೆದುಳಿನ ಬಲಭಾಗ ಎಡಗೈಯನ್ನು ಆಳುತ್ತದೆ, ತಂತಿಗಳು ನಡುವೆ ಅಡ್ಡ ಹಾಯುತ್ತವೆ ಎಂದೆ. ಇನ್ನೂ ಸರಳ ಮಾಡಿ ಹೇಳಿದೆ. ಮೇಲ್ಪದರದ ಮೆದುಳು ಆಲಮಟ್ಟಿಯ ಹಿನ್ನೀರು ಎಂದುಕೋ, ಈ ಗಂಟು ಕಾಲುವೆಯ ಗೇಟು. ಮೇಲ್ಪದರವೇ ಸತ್ತರೆ ಕೈ ಏಳುವುದೇ ಇಲ್ಲ, ಮುದ್ದೇಬಿಹಾಳದ ನನ್ನ ಪೇಷಂಟಿನ ಹಾಗೆ ಬಿಗಿದು ಎದೆಗೆ ಅಂಟಿಕೊಳ್ಳುತ್ತದೆ. ನಿನ್ನದರಲ್ಲಿ ನೀರು ಇದೆ, ಗೇಟು ಕಾಯುವವನು ಬೆಲ್ಲದ ಪಾಕ ಕುಡಿದು ಮಲಗಿದ್ದಾನೆ, ಅದಕ್ಕೇ ಬೇಡವೆಂದರೂ ನೀರು ನುಗ್ಗುತ್ತಿದೆ. ಅತ್ತೆ ಗಂಭೀರವಾಗಿ ಯೋಚಿಸಿ, "ಅಂಥವಗ ನೋಟೀಸ್ ಕೊಡಬೇಕು" ಎಂದಳು.

ನೋಟೀಸು ಇನ್ಸುಲಿನ್ ರೂಪದಲ್ಲಿ ಹೋಯಿತು. ಆದರೆ ಗೇಟಿನವನು ಒಂದೇ ದಿನಕ್ಕೆ ಏಳಲಿಲ್ಲ. ಮಂಚದ ಕಂಬಿಗೆ ದಿಂಬು ಕಟ್ಟಿದೆವು. ಎಚ್ಚರ ಇದ್ದಷ್ಟು ಹೊತ್ತೂ ಯಾರಾದರೂ ಆ ಕೈಯನ್ನು ಹಿಡಿದುಕೊಂಡು ಕೂಡಬೇಕು, ಇಲ್ಲವಾದರೆ ಪೆಟ್ಟು ಮಾಡಿಕೊಳ್ಳುತ್ತಿದ್ದಳು. ನಾನು ದವಾಖಾನೆಗೆ ಬೀಗ ಹಾಕಿ ಬಂದೆ. ನಾನಿಲ್ಲದಾಗ ಸಿಂದಗಿ ಕಡೆಯ ಒಬ್ಬ ಮುಸ್ಲಿಂ ನರ್ಸ್ ಹಿಡಿಯುತ್ತಿದ್ದಳು. "ಕೈ ನಾ ಹಿಡೀತೇನಿ, ನೀವು ಬಾಯಿ ತೆಗೀರಿ ಅಜ್ಜಿ" ಎಂದು ಗಂಜಿ ತಿನ್ನಿಸುವಳು. ಅತ್ತೆ ಮಡಿಯ ಸೊಲ್ಲೆತ್ತುತ್ತಾಳೆ ಎಂದು ನಾನು ಕಾದಿದ್ದೆ. ಅವಳು ಎತ್ತಿದ್ದು ಬೇರೆ ಸೊಲ್ಲು. "ಹತ್ತನೇ ಕ್ಲಾಸಿನಾಗ ಗಣಿತಕ್ಕ ಎಷ್ಟು ಬಂದಿದ್ದವು?" ಎಂದು ಕೇಳಿದಳು. ಹುಡುಗಿ ನಾಚುತ್ತ ನಲವತ್ತೆರಡು ಎಂದಳು. ಅತ್ತೆ ನನ್ನ ಕಡೆ ತಿರುಗಿ, "ನಲವತ್ತೆರಡು ತಗೊಂಡಾಕಿ ನನಗ ಔಷಧ ಅಳದು ಹಾಕ್ಲಿಕತ್ತಾಳ, ನೀ ನೋಡ್ಕೋತ ನಿಂತಿ!" ಎಂದಳು. ಹನ್ನೊಂದು ವರ್ಷದ ಮಡಿ ಕೆಟ್ಟದ್ದು ಅವಳಿಗೆ ಅಷ್ಟು ಚುಚ್ಚಲಿಲ್ಲ, ಆ ನಲವತ್ತೆರಡು ಚುಚ್ಚಿತು. ಮರುದಿನದಿಂದ ಗಂಜಿ ಕುಡಿಯುತ್ತ ಹುಡುಗಿಗೆ ದಶಮಾಂಶ ಪಾಠ ಶುರುವಾಯಿತು.

ಅವಳ ಕೈ ಹಿಡಿದು ಕೂತಾಗ ನನಗೆ ಗೊತ್ತಾದ ಒಂದು ಮಾತು. ಅದು ತೀರ ಸಣ್ಣ ಕೈ. ನಾನು ಅದನ್ನು ದೊಡ್ಡದು ಎಂದುಕೊಂಡಿದ್ದೆ. ದಿನಾ ಇಷ್ಟು ಮಂದಿಯ ಕೈಕಾಲು ಹಿಡಿಯುವ ನಾನು, ನನ್ನನ್ನು ಎತ್ತಿ ಆಡಿಸಿದ ಕೈ ಹೇಗಿದೆ ಎಂಬುದನ್ನೇ ಮರೆತಿದ್ದೆ. ನನಗೆ ನನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಯಾರಾದರೂ ಎದುರಿಗೆ ಸಿಕ್ಕಿದ್ದರೆ ಬೈದು ಹಗುರಾಗುತ್ತಿದ್ದೆ. ನಾಲ್ಕನೆಯ ದಿನ ಬೀಸು ಸಣ್ಣದಾಯಿತು. ಐದನೆಯ ದಿನ ಭುಜ ಸುಮ್ಮನಾಗಿ ಬೆರಳಷ್ಟೇ ಕುಣಿದವು. ಆರನೆಯ ದಿನ ಯಾಕೋ ಮತ್ತೆ ಜೋರಾಯಿತು. ಏಳನೆಯ ದಿನವೂ ಜೋರೇ. ಸಕ್ಕರೆ ಸರಿಯಾಗಿ ಇಳಿದಿತ್ತು, ಕೈ ಮಾತ್ರ ಏಳುತ್ತಿತ್ತು. ಆ ಒಬ್ಬಿಬ್ಬರಲ್ಲಿ ಇವಳೂ ಒಬ್ಬಳೇ ಎಂದು ನಾನು ಹೆದರಿದೆ.

ಏಳನೆಯ ದಿನ ಮಧ್ಯಾಹ್ನ ಗಂಡ ತಂದ ಬುತ್ತಿ ತಿಂದು ವಾರ್ಡಿಗೆ ಬಂದೆ. ಬಾಗಿಲ ಗಾಜಿನಿಂದ ಒಳಗೆ ನೋಡಿದೆ. ನರ್ಸ್ ಎತ್ತಲೋ ಎದ್ದು ಹೋಗಿದ್ದಳು, ಅತ್ತೆ ಒಬ್ಬಳೇ ಮಂಚದ ಮೇಲೆ ಕೂತು ಹಾಲು ಕುಡಿಯುತ್ತಿದ್ದಳು. ಬಲಗೈಯಲ್ಲಿ ಲೋಟ, ಎಡಗೈಯಲ್ಲಿ ಬಟ್ಟಲು. ಬಟ್ಟಲು ಅಲುಗಲಿಲ್ಲ. ಲೋಟ, ಬಟ್ಟಲು ಎರಡನ್ನೂ ಕೆಳಗಿಟ್ಟಳು, ಎಡಗೈಯಿಂದಲೇ ಸೆರಗು ಸರಿಮಾಡಿಕೊಂಡಳು. ನಾನು ಬಾಗಿಲು ತಳ್ಳಿದೆ. ನನ್ನನ್ನು ಕಂಡಳು, ಕೈ ಎದ್ದಿತು.

ಹತ್ತಿರ ನಿಂತು ನೋಡಿದೆ. ಈ ರೋಗದ ಬೀಸಿಗೆ ತಾಳವಿರುವುದಿಲ್ಲ, ಯಾವಾಗ ಎದ್ದೀತು, ಎತ್ತ ಹೋದೀತು ಎಂದು ಹೇಳಲು ಬರುವುದಿಲ್ಲ. ಇದು ಹಾಗಿರಲಿಲ್ಲ. ಒಂದು, ಎರಡು, ಮೂರು, ಬಿಡುವು. ಒಂದು, ಎರಡು, ಮೂರು, ಬಿಡುವು. ಗಣಿತದ ಬಾಯಾರು ಲೆಕ್ಕ ತಪ್ಪದೆ ಬೀಸುತ್ತಿದ್ದರು.

"ಅತ್ತೀ, ಇದು ಖೊಟ್ಟಿ" ಎಂದೆ.

ಕೈ ನಿಂತಿತು. ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದಳು.

"ಯಾವಾಗ ನಿಂತದ ಖರೇ ಹೇಳು."

"ನಿನ್ನಿ ಮುಂಜಾನೆ."

ನನ್ನ ಪಿತ್ತ ನೆತ್ತಿಗೇರಿತು. "ನಿನಗ ಹುಚ್ಚು ಹಿಡದದೇನು? ಅಲ್ಲಿ ನನ್ನ ಪೇಷಂಟರು ಬಾಯಿ ಬಡಕೊಳ್ಳಿಕತ್ತಾರ, ಇಲ್ಲಿ ನಾ ಎರಡು ದಿನದಿಂದ ಜೀವ ಹಿಡಕೊಂಡು ಕೂತೀನಿ. ನಿಂತದ ಅಂದಿದ್ರ ನಿನ್ನೇನೇ ಮನಿಗೆ ಕಳಸ್ತಿದ್ರು. ಬ್ಯಾಡೇನು ಮನಿ? ನಿನ್ನ ಒಲಿ, ನಿನ್ನ ದೇವರು, ನಿನ್ನ ನೀರು?"

ಅತ್ತೆ ಖಾಲಿ ಲೋಟವನ್ನು ಎತ್ತಿ ಬಟ್ಟಲಿನ ಮೇಲೆ ಇಟ್ಟಳು. ಆಮೇಲೆ, "ಮನಿಗೆ ಹೋದ್ರ ಮತ್ತ ಮಡಿ" ಎಂದಳು.

"ಬಿಟ್ಟು ಬಿಡು ಆ ಮಡಿ. ಯಾರ್ ಕೇಳ್ತಾರ?"

"ಹನ್ನೊಂದು ವರ್ಷ ಆದ ಮ್ಯಾಲೆ ಏನಂತ ಬಿಡ್ಲಿ? ಮಂದಿ ಮುಂದ ಏನಂತ ಹೇಳ್ಲಿ? ಬಿಡ್ಲಿಕ್ಕೆ ಬರೂದಿಲ್ಲ ನನಗ. ಅಲ್ಲಿ ನನ್ನ ಯಾರೂ ಮುಟ್ಟೂದಿಲ್ಲ."

ಬೋರ್ಡಿನ ಮೇಲೆ ಉತ್ತರ ಬರೆದು ಚಾಕ್‌ಪೀಸು ಕೆಳಗಿಟ್ಟವರ ದನಿಯಲ್ಲಿ ಹೇಳಿದಳು. ಮಂಚದ ಅಂಚಿಗೆ ಕೂತು ಅವಳ ಎಡಗೈಯನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಗೋಡೆಗೆ ಬಡಿದಾದ ಗಾಯ ಒಣಗಿ ಹಕ್ಕಳೆ ಕಟ್ಟಿತ್ತು.

ಅಷ್ಟರಲ್ಲಿ ಡಾಕ್ಟರು ರೌಂಡಿಗೆ ಬಂದರು. ಸಕ್ಕರೆಯ ಚೀಟಿ ನೋಡಿ, "ಇದು ಭಾಳ ಚಲೋ ಐತಿ. ಕೈ ಹೆಂಗೈತಿ? ನೀವ ಹೇಳ್ರಿ, ನಿಮಗ ಗೊತ್ತಾಗತೈತಲ್ಲ" ಎಂದು ನನ್ನನ್ನು ಕೇಳಿದರು. ಅತ್ತೆ ನನ್ನನ್ನು ನೋಡಲಿಲ್ಲ. ಅವಳ ಕೈ ನನ್ನ ಎರಡು ಕೈಗಳ ನಡುವೆ ಬೆಚ್ಚಗೆ, ಒಂದಿಷ್ಟೂ ಅಲುಗದೆ ಇತ್ತು.

"ಇನ್ನೂ ಏಳ್ತದ್ರಿ ಸರ್" ಎಂದೆ. "ಎರಡು ದಿನ ಇರ್ಲಿ."

ಅವರು ಬರೆದುಕೊಂಡು ಮುಂದಿನ ಮಂಚಕ್ಕೆ ಹೋದರು. ಅತ್ತೆ ಅವರು ದೂರ ಹೋಗುವವರೆಗೆ ಕಾದಳು. ಆಮೇಲೆ ನನ್ನ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ಮೆಲ್ಲಗೆ, "ನಾಲ್ಕು ಅನ್ನಬೇಕಿತ್ತು" ಎಂದಳು.